ಪರಿಸರ ಅಧ್ಯಯನ: ಪ್ರಾಥಮಿಕ ಶಾಲೆಯ ಪಠ್ಯಸಾಮಗ್ರಿ ಬೆಳೆದ ಬಗೆ

ವಿಜ್ಞಾನ, ಸಮಾಜ, ಆರೋಗ್ಯ, ಕಸುಬು ಇವನ್ನೆಲ್ಲ ಬೇರೆ ಬೇರೆ ವಿಷಯಗಳಾಗಿ ಒಡೆಯದೆ ಎಳೆಯ ಮಕ್ಕಳಿಗೆ ಒಟ್ಟಾಗಿ ಕಲಿಸುವ ಪಠ್ಯವಿಷಯ ಪರಿಸರ ಅಧ್ಯಯನ. ಭಾರತದಲ್ಲಿ ಇದರ ಬೇರು 1937ರ ವಾರ್ಧಾ ಸಮ್ಮೇಳನದಲ್ಲಿದೆ. ಗಾಂಧೀಜಿಯವರ ಮೂಲಶಿಕ್ಷಣದ ಕಲ್ಪನೆಗೆ ಝಾಕಿರ್ ಹುಸೇನ್ ಸಮಿತಿ ಪಠ್ಯಕ್ರಮದ ರೂಪ ಕೊಟ್ಟಿತು. ನೂಲುವುದು, ಬೇಸಾಯದಂಥ ಕೈಕಸುಬಿನ ಸುತ್ತ ಗಣಿತ, ಸಾಮಾನ್ಯ ವಿಜ್ಞಾನ, ಸಮಾಜಪಾಠಗಳನ್ನು ಹೆಣೆಯುವುದು ಅದರ ತಿರುಳು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ (ಎನ್‌ಸಿಇಆರ್‌ಟಿ) 1975ರ ಪಠ್ಯಕ್ರಮ 'ಪರಿಸರ ಅಧ್ಯಯನ' ಎಂಬ ಹೆಸರಿಗೆ ಅಧಿಕೃತ ಸ್ಥಾನ ನೀಡಿತು. ಆದರೆ ಮೂರರಿಂದ ಐದನೆಯ ತರಗತಿಗೆ ಅದು ಎರಡು ಭಾಗವಾಯಿತು: ಒಂದು ವಿಜ್ಞಾನದ್ದು, ಇನ್ನೊಂದು ಸಮಾಜದ್ದು. ಹೆಸರು ಕೂಡಿತು, ಪಾಠ ಕೂಡಲಿಲ್ಲ.

ನಿಜವಾದ ಪ್ರಯೋಗಗಳು ಈ ರಾಷ್ಟ್ರೀಯ ಪಠ್ಯಕ್ರಮದ ಹೊರಗಿನಿಂದ ಬಂದವು. ಮಧ್ಯಪ್ರದೇಶದಲ್ಲಿ 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ 'ಖುಷಿ ಖುಷಿ' ಪುಸ್ತಕಗಳಲ್ಲಿ ಭಾಷೆ, ಗಣಿತ, ಪರಿಸರ ಮೂರನ್ನೂ ಬೆರೆಸಿತು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಯಶ್ರೀ ರಾಮದಾಸ್ 'ಸ್ಮಾಲ್ ಸೈನ್ಸ್' ಸರಣಿಯನ್ನು ರೂಪಿಸಿದರು. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಕರ್ನಾಟಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಆರಂಭವಾಯಿತು. ಪುಸ್ತಕದ ಜಾಗಕ್ಕೆ ಕಾರ್ಡುಗಳು ಬಂದವು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತಿತ್ತು, ಅದರ ಕೈಕೆಲಸವನ್ನು ತಲೆಯ ಮೇಲಿನ ಚಪ್ಪರಕ್ಕೆ ತೂಗುಹಾಕುತ್ತಿದ್ದರು. ಆ ಕಾರ್ಡುಗಳನ್ನು ಸಿದ್ಧಪಡಿಸುವಲ್ಲಿ ಶಾಲಾ ಶಿಕ್ಷಕರೇ ಕೈಜೋಡಿಸಿದ್ದು ಈ ಚರಿತ್ರೆಯ ಬಹು ಮುಖ್ಯ ಸಂಗತಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಅನಿತಾ ರಾಂಪಾಲ್ ನೇತೃತ್ವದಲ್ಲಿ ಸಿದ್ಧವಾದ 'ಲುಕಿಂಗ್ ಅರೌಂಡ್' ಪುಸ್ತಕಗಳು ವಿಜ್ಞಾನ, ಸಮಾಜ ಎರಡನ್ನೂ ಒಂದೇ ಪಾಠದಲ್ಲಿ ಬೆಸೆದವು. ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಎಂಬ ಆರು ಎಳೆಗಳ ಮೇಲೆ ಪಠ್ಯ ನಿಂತಿತು. ಐದನೆಯ ತರಗತಿಯ ಸೊಳ್ಳೆಯ ಪಾಠವನ್ನೇ ನೋಡಬಹುದು. ಅಲ್ಲಿ ಮಲೇರಿಯಾ ಜ್ವರದ ಮಾತುಕತೆಯಿದೆ, ರಕ್ತಪರೀಕ್ಷೆಯ ವರದಿಯೇ ಅಚ್ಚಾಗಿದೆ, ಹಿಮೋಗ್ಲೋಬಿನ್ ಕಡಿಮೆಯಾದರೆ ಏನು ಉಣ್ಣಬೇಕು ಎಂಬ ಪ್ರಶ್ನೆಯಿದೆ. ಶಾಲೆಯ ಸುತ್ತ ನಿಂತ ನೀರನ್ನು ಹುಡುಕಲು ಮಕ್ಕಳು ಗುಂಪುಗಳಾಗಿ ಹೊರಡಬೇಕು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ತೋರಿಸಿದ ರೊನಾಲ್ಡ್ ರಾಸ್ ಬರುವುದು ಇಷ್ಟಾದ ಮೇಲೆ. ಜೀವಶಾಸ್ತ್ರ, ಪೌಷ್ಟಿಕತೆ, ಊರಿನ ನೈರ್ಮಲ್ಯ, ವಿಜ್ಞಾನದ ಇತಿಹಾಸ ಒಂದೇ ಪಾಠದಲ್ಲಿವೆ, ಹೊಲಿಗೆ ಮಾತ್ರ ಎಲ್ಲೂ ಕಾಣುವುದಿಲ್ಲ.

ಇಂಥ ಪಾಠಕ್ಕೆ ಶಿಕ್ಷಕರ ಸಿದ್ಧತೆ ಹೆಚ್ಚು ಬೇಕು. ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಪರೀಕ್ಷೆ ಮಾತ್ರ ಒಂದು ಪದದ ಉತ್ತರವನ್ನೇ ಕೇಳುತ್ತಿದ್ದರೆ ಹೊರಗೆ ಹೋಗಿ ನೋಡುವ ಚಟುವಟಿಕೆಯೇ ಮೊದಲು ಕೈಬಿಟ್ಟುಹೋಗುತ್ತದೆ. 2023ರ ಪಠ್ಯಕ್ರಮ ಚೌಕಟ್ಟು ಈ ವಿಷಯಕ್ಕೆ 'ನಮ್ಮ ಸುತ್ತಲಿನ ಜಗತ್ತು' ಎಂಬ ಹೊಸ ಹೆಸರು ಕೊಟ್ಟರೂ ಒಟ್ಟುಗೂಡಿಸುವ ತತ್ತ್ವವನ್ನು ಉಳಿಸಿಕೊಂಡಿದೆ. ಅದರಂತೆ 2024ರಲ್ಲಿ ಮೂರನೆಯ ತರಗತಿಗೆ 'ಅವರ್ ವಂಡ್ರಸ್ ವರ್ಲ್ಡ್' ಪುಸ್ತಕ ಹೊರಬಂತು.