ಅರವೂ ಕಡ್ಡಿಯೂ: ಗಾಲಿಯ ಚರಿತ್ರೆಯಲ್ಲಿ ಒಂದು ಪದವಿಚಾರ

ಗಂಗರ ರಾಜಧಾನಿಯಾಗಿಯೂ, ಚೋಳರನ್ನು ಗೆದ್ದ ವಿಷ್ಣುವರ್ಧನನು 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ ಕ್ಷೇತ್ರವಾಗಿಯೂ ತಲಕಾಡು ಚರಿತ್ರಕಾರರಿಗೆ ಸುಪರಿಚಿತವಾಗಿದೆ. ಆ ಸೀಮೆಯ ದಾರಿಗಳು ಗಾಲಿಯ ಮೂರು ಅವಸ್ಥೆಗಳನ್ನು ಕಂಡಿವೆ. ನಂಜನಗೂಡಿನ ಮಹಾರಥದಂಥ ತೇರುಗಳ ಇಡಿ ಮರದ ಗಾಲಿ ಮೊದಲನೆಯದು. ಎತ್ತಿನ ಬಂಡಿಯ ಅರಗಾಲಿ ಎರಡನೆಯದು. ಬೈಸಿಕಲ್ಲಿನ ತಂತಿಗಾಲಿ ಮೂರನೆಯದು. ಕಡೆಯ ಎರಡನ್ನೂ ಒಂದೇ ಜಾತಿಯವೆಂದೆಣಿಸಿ, ಬೈಸಿಕಲ್ಲಿನ ಕಡ್ಡಿಯನ್ನು ‘ಅರ’ವೆಂದು ಅರ್ಥ ಹೇಳುವುದು ವಾಡಿಕೆ. ಈ ಸಮೀಕರಣವು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾದ ವಿಷಯ.

ಅರವೆಂಬ ಪದವು ಬಹು ಪ್ರಾಚೀನವಾದುದು. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ ಹನ್ನೆರಡು ಅರಗಳ ಕಾಲಚಕ್ರದ ವರ್ಣನೆಯಿದೆ. ರಥದ ಗುಂಭದಲ್ಲಿ ಅರಗಳು ನೆಲೆಸಿರುವಂತೆ ಸರ್ವವೂ ಪ್ರಾಣದಲ್ಲಿ ನೆಲೆಸಿರುವುದೆಂದು ಪ್ರಶ್ನೋಪನಿಷತ್ತು ಸಾರುವುದು. ಕನ್ನಡದಲ್ಲಿಯೂ ಬಂಡಿಯ ಅಂಗಗಳು ತತ್ತ್ವಕ್ಕೆ ಉಪಮಾನವಾಗಿವೆ. ಜೇಡರ ದಾಸಿಮಯ್ಯನು ಒಡಲನ್ನು ಬಂಡಿಗೂ ಶರಣರ ನುಡಿಯನ್ನು ಕಡೆಗೀಲಿಗೂ ಹೋಲಿಸಿರುವನು.

ಬಂಡಿಯ ಗಾಲಿಯಲ್ಲಿ ಅರವು ಕಂಬದಂತಿರುವುದು. ಅಚ್ಚಿನ ಭಾರವು ಗುಂಭಕ್ಕಿಳಿದು, ಕೆಳಗಣ ಅರಗಳನ್ನು ಅದುಮಿ ನೆಲವನ್ನು ಸೇರುವುದು. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರೆರೆದಾಗ, ಅದು ಕುಗ್ಗಿ ಅಂಚಿನ ಮರವನ್ನು ಒಳಕ್ಕೆ ಒತ್ತಿ ಅರಗಳನ್ನು ಗುಂಭದಲ್ಲಿ ಬಿಗಿಗೊಳಿಸುವುದು.

ಬೈಸಿಕಲ್ಲಿನಲ್ಲಿ ಈ ನ್ಯಾಯವು ತಲೆಕೆಳಗಾಗಿರುವುದು. ತೆಳ್ಳನೆಯ ತಂತಿಯು ಒತ್ತಿದರೆ ಬಾಗುವುದು, ಎಳೆದರೆ ನಿಲ್ಲುವುದು. ಈ ತತ್ತ್ವವನ್ನು 1808ರಲ್ಲಿಯೇ ಇಂಗ್ಲೆಂಡಿನ ಜಾರ್ಜ್ ಕೇಲಿ ಗುರುತಿಸಿದ್ದನು. 1869ರಲ್ಲಿ ಪ್ಯಾರಿಸಿನ ಯೂಜೀನ್ ಮೇಯರ್ ತಂತಿಗಾಲಿಗೆ ಹಕ್ಕುಪತ್ರ ಪಡೆದನು. 1874ರಲ್ಲಿ ಜೇಮ್ಸ್ ಸ್ಟಾರ್ಲಿಯು ಕಡ್ಡಿಗಳನ್ನು ನೇರವಾಗಿ ಹಾಯಿಸದೆ, ಗುಂಭದ ಅಂಚಿನಿಂದ ಓರೆಯಾಗಿ ಹೆಣೆಯುವ ಕ್ರಮವನ್ನು ತಂದನು. ನೇರವಾದ ಕಡ್ಡಿಗಳು ತುಳಿತದ ತಿರುಚನ್ನು ಗುಂಭದಿಂದ ಅಂಚಿಗೆ ಚೆನ್ನಾಗಿ ಒಯ್ಯಲಾರವು. ಓರೆಯ ಕಡ್ಡಿಗಳಲ್ಲಿ ಅರ್ಧ ಮುಂದಕ್ಕೂ ಅರ್ಧ ಹಿಂದಕ್ಕೂ ಎಳೆಯುವುದರಿಂದ ಆ ಕಾರ್ಯವು ಸುಗಮವಾಗುವುದು.

ಗಾಲಿ ಕಟ್ಟುವವನ ವಿವೇಕವೆಲ್ಲವೂ ಇದನ್ನೇ ಅನುಸರಿಸುವುದು. ಬ್ರಿಟಿಷ್ ಮಾದರಿಯ ಬೈಸಿಕಲ್ಲುಗಳಲ್ಲಿ ಮುಂಗಾಲಿಗೆ 32, ಹಿಂಗಾಲಿಗೆ 40 ಕಡ್ಡಿಗಳನ್ನು ಹಾಕುವ ಪದ್ಧತಿಯಿದ್ದಿತು. ಹೆಚ್ಚಿನ ಭಾರವೂ ತುಳಿತದ ಬಲವೂ ಹಿಂಗಾಲಿಗೇ ಬೀಳುವುದೇ ಅದಕ್ಕೆ ಕಾರಣ. ಒಂದು ಕಡ್ಡಿಯು ತನ್ನ ಪಾರ್ಶ್ವದ ಮೂರು ಅಥವಾ ನಾಲ್ಕು ಕಡ್ಡಿಗಳನ್ನು ದಾಟುವಂತೆ ಹೆಣೆಯುವರು. ತುದಿ ದಪ್ಪವಾಗಿ ನಡು ತೆಳುವಾದ ಕಡ್ಡಿಯು ಹೆಚ್ಚು ಹಿಗ್ಗಬಲ್ಲದಾದ್ದರಿಂದ ಅದರ ಬಾಗಿನಲ್ಲಿ ಮುರಿತ ಕಡಮೆ. ಭಾರ ಬಿದ್ದಾಗ ಕೆಳಗಣ ಕಡ್ಡಿಗಳ ಬಿಗಿ ತಗ್ಗುವುದು. ಅದು ಪೂರ್ತಿ ಸಡಿಲವಾಗದಂತೆ ಮೊದಲೇ ಸಮನಾಗಿ ಬಿಗಿದಿರಬೇಕು. ಬಿಗಿಯು ಎರಡು ಪಾರ್ಶ್ವಗಳಲ್ಲಿ ಹೊಂದದಿದ್ದರೆ ಗಾಲಿಯು ಬೆಂಡಾಗುವುದು.

ಆದುದರಿಂದ ಅರವು ಗುಂಭದಲ್ಲಿ ನಾಟಿ ನಿಲ್ಲುವುದು. ಕಡ್ಡಿಯು ಗುಂಭಕ್ಕೆ ತೊಡರಿ ಎಳೆಯುವುದು. ಬೈಸಿಕಲ್ಲನ್ನು ತೋರಿಸಿ ಉಪನಿಷತ್ತಿನ ಉಪಮೆಯನ್ನು ವಿವರಿಸಿದರೆ, ಆಕೃತಿಯು ವಿದ್ಯಾರ್ಥಿಗೆ ಸುಲಭವಾಗಿ ತಿಳಿದೀತು; ‘ನೆಲೆಸಿರುವುದು’ ಎಂಬ ಕ್ರಿಯೆಯ ಸ್ವಾರಸ್ಯವು ಮಾತ್ರ ಕೈಬಿಟ್ಟುಹೋಗುವುದು. ರೂಪಸಾಮ್ಯದಿಂದ ಪದವು ಹೊಸ ವಸ್ತುವಿಗೆ ಸಲ್ಲಬಹುದು. ಹಳೆಯ ಕಾವ್ಯಕ್ಕೆ ಅರ್ಥ ಹೇಳುವವರು ಹಳೆಯ ಬಂಡಿಯನ್ನೇ ನೋಡುವುದು ಯುಕ್ತ.