ಕಲ್ಲಿನ ಶಾಸನದಿಂದ ನೂರಕ್ಕೆ ಎರಡರವರೆಗೆ

ದಾನದ ಮಾತು ನಮ್ಮ ನಾಡಿನಲ್ಲಿ ಎಷ್ಟು ಹಳೆಯದೋ ದಾನದ ಲೆಕ್ಕವೂ ಅಷ್ಟೇ ಹಳೆಯದು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ತೆರೆದು ನೋಡಿದವರಿಗೆ ಇದು ಒಡನೆಯೇ ತಿಳಿದೀತು. ಇಂಥವನು, ಇಂಥ ತಿಥಿಯಲ್ಲಿ, ಇಂಥ ದೇವರಿಗೋ ಕೆರೆಗೋ ಇಷ್ಟು ಗದ್ದೆಯನ್ನು ಬಿಟ್ಟನು. ಅದರ ಮೂಡಲ ಮೇರೆ ಇದು, ಪಡುವಲ ಮೇರೆ ಇದು. ಇದಕ್ಕೆ ತಪ್ಪಿದವನು ಇಂಥ ಪಾಪಕ್ಕೆ ಗುರಿಯಾಗುವನು. ನಮ್ಮ ದಾನಶಾಸನಗಳ ಸಾಮಾನ್ಯವಾದ ಕಟ್ಟು ಇದು. ಪುಣ್ಯದ ಆಸೆಯ ಜೊತೆಗೆ ಇದರಲ್ಲಿ ಲೋಕದ ತಿಳಿವಳಿಕೆಯೂ ಸೇರಿದೆ. ಕೊಟ್ಟವನು ತೀರಿಕೊಂಡ ಮೇಲೂ ಕೊಟ್ಟದ್ದು ಉಳಿಯಬೇಕು. ಅವನ ಮಗನ ಮನಸ್ಸು ಬದಲಾದರೂ, ಆಳುವ ಮನೆತನವೇ ಬದಲಾದರೂ ಉಳಿಯಬೇಕು. ಕೋರ್ಟು ಕಚೇರಿಗಳು ಇಲ್ಲದ ಕಾಲದಲ್ಲಿ ಶಾಪದ ಆ ಕೊನೆಯ ಸಾಲೇ ಕರಾರಿನ ಕೆಲಸವನ್ನು ಮಾಡುತ್ತಿತ್ತು.

ಈಚೆಗೆ ದಾನಿಗಳ ಸಾಲಿನಲ್ಲಿ ಕಂಪನಿಗಳು ಮುಂದೆ ಬಂದು ನಿಂತಿವೆ. ಶಾಲೆಗೆ ಬೆಂಚು, ಆಸ್ಪತ್ರೆಗೆ ಯಂತ್ರ, ಬಡಾವಣೆಗೆ ಗಿಡಗಳು, ಶನಿವಾರದ ದಿನ ಗೋಡೆಗೆ ಬಣ್ಣ ಬಳಿಯಲು ಬರುವ ನೌಕರರ ತಂಡ, ಇವೆಲ್ಲ ನಗರದವರಿಗೆ ಪರಿಚಿತವಾದ ದೃಶ್ಯಗಳು. ಇದು ಹೊಸತೆಂದು ಹೊಗಳುವವರೂ ಇದ್ದಾರೆ, ಬರಿಯ ಪ್ರಚಾರವೆಂದು ಹಳಿಯುವವರೂ ಇದ್ದಾರೆ. ಹೊಗಳಿಕೆ ತೆಗಳಿಕೆಗಳನ್ನು ಬದಿಗಿರಿಸಿ, ಶಾಸನದ ಕಲ್ಲಿನಿಂದ ಕಂಪನಿಯ ವಾರ್ಷಿಕ ವರದಿಯವರೆಗೆ ದಾನವು ನಡೆದುಬಂದ ದಾರಿಯನ್ನು ಗುರುತಿಸುವುದು ಈ ಮಾತುಗಳ ಉದ್ದೇಶ. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಮೆಜೆಸ್ಟಿಕ್ಕಿನಿಂದ ಹೊರಟು ಮಾಗಡಿ ರಸ್ತೆ, ರಾಜಾಜಿನಗರ, ಬಸವೇಶ್ವರನಗರಗಳನ್ನು ಹಾದುಬಂದರೆ ಆ ದಾರಿಯ ಮುಖ್ಯ ನಿಲ್ದಾಣಗಳೆಲ್ಲ ಬೆಂಗಳೂರಿನ ಪಡುವಣ ಭಾಗದಲ್ಲಿಯೇ ಸಿಗುತ್ತವೆ.

ಮೊದಲನೆಯದು ರೈಲ್ವೆ ನಿಲ್ದಾಣದ ಹತ್ತಿರವಿರುವ ಗುಬ್ಬಿ ತೋಟದಪ್ಪನವರ ಛತ್ರ. 1838ರಲ್ಲಿ ಹುಟ್ಟಿ ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರದಿಂದ ಹಣವಂತರಾದ ತೋಟದಪ್ಪನವರು ತಮ್ಮ ನಡುವಯಸ್ಸಿನಲ್ಲಿ 1876ರಿಂದ 78ರವರೆಗಿನ ದೊಡ್ಡ ಬರಗಾಲವನ್ನು ಕಂಡ ತಲೆಮಾರಿಗೆ ಸೇರಿದವರು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಆ ಬರ ನುಂಗಿತು. ರೈಲು ಬಂದ ಮೇಲೆ ಪೇಟೆಗೆ ಪರಸ್ಥಳದವರು ದಿನವೂ ಬಂದಿಳಿಯತೊಡಗಿದರು; ಅವರಿಗೆ ರಾತ್ರಿ ಕಳೆಯಲು ಒಂದು ಸೂರು ಬೇಕಾಗಿತ್ತು. ಅದಕ್ಕಾಗಿ ತೋಟದಪ್ಪನವರ ಛತ್ರ ಎದ್ದಿತು; ಬಡ ವಿದ್ಯಾರ್ಥಿಗಳಿಗೆ ಉಚಿತ ವಸತಿಯೂ ಅವರ ಧರ್ಮದಿಂದ ನಡೆಯಿತು. ಮಕ್ಕಳಿಲ್ಲದ ಅವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿದರು. ಕೆ. ಪಿ. ಪುಟ್ಟಣ್ಣಚೆಟ್ಟಿಯವರಂಥ ಅನುಭವಿಗಳು ಅದರ ಆಡಳಿತವನ್ನು ವಹಿಸಿಕೊಂಡರು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು, ಛತ್ರ ನಿಲ್ಲಲಿಲ್ಲ. ಶಾಸನದ ಶಾಪವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೋಂದಾಯಿತವಾದ ಪತ್ರವೊಂದು ಮಾಡಿತು. ದಾನಿ ತನ್ನ ಹಣದ ಮೇಲಿನ ಹಿಡಿತವನ್ನು ತಾನಾಗಿಯೇ ಬಿಟ್ಟುಕೊಟ್ಟದ್ದು ಈ ದತ್ತಿಯ ನಿಜವಾದ ಬಲ.

ಅಲ್ಲಿಂದ ಮುಂದಕ್ಕೆ ಬಿನ್ನಿಪೇಟೆ. 1884ರಲ್ಲಿ ಆರಂಭವಾದ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಬಿನ್ನಿ ಮಿಲ್ಲೆಂದೇ ಹೆಸರಾಯಿತು. ಇಲ್ಲಿ ನಮ್ಮ ಕಥೆಯಲ್ಲಿ ಒಂದು ತಿರುವು. ತೋಟದಪ್ಪನವರಿಗೆ ಒಂದು ಮುಖವಿತ್ತು, ಒಂದು ಊರಿತ್ತು. ಕಷ್ಟದಲ್ಲಿದ್ದವನು ಅವರ ಮನೆಯ ಜಗಲಿಗೆ ಹೋಗಿ ಕೇಳಬಹುದಾಗಿತ್ತು. ಕಂಪನಿಗೆ ಮುಖವಿಲ್ಲ, ಅದರ ಒಡೆಯರು ಕಡಲಾಚೆಯೂ ಇರಬಹುದು. ಗಿರಣಿಯ ಯಜಮಾನರು ಕೆಲಸಗಾರರಿಗೆ ಮಾಡುತ್ತಿದ್ದ ಉಪಕಾರವು ಲಾಭವಿದ್ದಷ್ಟು ದಿನ, ಮನಸ್ಸಿದ್ದಷ್ಟು ದಿನ. ಇಂದು ಆ ಗಿರಣಿ ಇಲ್ಲ. ಅದರ ನೆಲದಲ್ಲಿ ವಸತಿಯ ಗೋಪುರಗಳೂ ಅಂಗಡಿಗಳ ಮಾಳಿಗೆಗಳೂ ಎದ್ದಿವೆ. ಪೇಟೆಗೆ ಅಂಟಿದ ಹೆಸರೊಂದು ಉಳಿದಿದೆ. ಗಿರಣಿ ಮುಚ್ಚಿದ ಮೇಲೆ ಅದರ ಔದಾರ್ಯವನ್ನು ಕೇಳಲು ಯಾರ ಜಗಲಿಗೆ ಹೋಗಬೇಕು?

ಈ ಪ್ರಶ್ನೆಗೆ ಸ್ವತಂತ್ರ ಭಾರತ ಕೊಟ್ಟ ಒಂದು ಉತ್ತರ ರಾಜಾಜಿನಗರದಲ್ಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಾರ್ಖಾನೆಗಳಿಗೂ ಕಾರ್ಮಿಕರಿಗೂ ಎಂದು ಎದ್ದ ಈ ಬಡಾವಣೆಗೆ ಮೊದಲ ಭಾರತೀಯ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರು ಬಂದಿತು. ಇಲ್ಲಿನ ಇ.ಎಸ್.ಐ. ಆಸ್ಪತ್ರೆಗೆ ಮೂಲ 1948ರ ನೌಕರರ ರಾಜ್ಯ ವಿಮಾ ಕಾನೂನು. ಕೆಲಸಗಾರನ ಸಂಬಳದಿಂದ ಒಂದು ಪಾಲು, ಯಜಮಾನನಿಂದ ದೊಡ್ಡದೊಂದು ಪಾಲು ಸೇರಿ ನಿಧಿಯಾಗುತ್ತದೆ. 2019ರ ಜುಲೈನಿಂದ ಈ ಪಾಲುಗಳು ಸಂಬಳದ ಶೇಕಡಾ 0.75 ಮತ್ತು 3.25. ಈ ಆಸ್ಪತ್ರೆಯ ಸಾಲಿನಲ್ಲಿ ನಿಂತ ಕಾರ್ಮಿಕನಿಗೆ ಕಾಯುವ ಕಷ್ಟವಿರಬಹುದು. ಯಾರಿಗೂ ಕೈಮುಗಿದು ಕೃತಜ್ಞನಾಗಬೇಕಾದ ಕಷ್ಟವಿಲ್ಲ. ಹಿಂದೆ ಯಜಮಾನನ ದಯೆಯಾಗಿದ್ದದ್ದು ಇಲ್ಲಿ ಕೆಲಸಗಾರನ ಹಕ್ಕಾಯಿತು. ದಾನದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ದಯೆಯನ್ನೆಲ್ಲ ಕಾನೂನಿನ ಲೆಕ್ಕಕ್ಕೆ ತಂದುಬಿಟ್ಟರೆ ಕೆಲಸ ಮುಗಿಯಿತೆ? ಮಾಗಡಿ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಇದಕ್ಕೂ ಉತ್ತರ ಸಿಗುತ್ತದೆ. ಮೈಸೂರು ಸಂಸ್ಥಾನ 1944ರಲ್ಲಿ ಭಿಕ್ಷಾಟನೆಯನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಅದರ ಜಾಗದಲ್ಲಿ 1975ರ ಕರ್ನಾಟಕದ ಕಾನೂನು ಬಂದಿತು. ಬೀದಿಯಿಂದ ಕರೆತಂದವರನ್ನು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರ ಈ ರಸ್ತೆಯಲ್ಲಿದೆ. ಅದರ ವೆಚ್ಚಕ್ಕೆಂದು ನಗರದ ಆಸ್ತಿತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಕರವಿದೆ. ಎಂದರೆ ವಿಜಯನಗರದಿಂದ ಕೆಂಗೇರಿಯವರೆಗೆ ಮನೆಯುಳ್ಳ ಪ್ರತಿಯೊಬ್ಬನೂ ತೆರಿಗೆ ಕಟ್ಟುವಾಗ, ಬಹುಮಟ್ಟಿಗೆ ತನಗೇ ತಿಳಿಯದಂತೆ, ಭಿಕ್ಷುಕನಿಗೆ ಒಂದು ಪಾಲನ್ನು ಕೊಡುತ್ತಿದ್ದಾನೆ. ಹೆಸರಿಲ್ಲದ ದಾನ, ಹೆಮ್ಮೆಗೆ ಎಡೆಯಿಲ್ಲದ ದಾನ. ಕೇಳುವುದಕ್ಕೆ ಎಷ್ಟು ಚೆನ್ನು! ಆದರೆ ವಸೂಲಾದ ಕರ ಪೂರ್ತಿಯಾಗಿ ಕೇಂದ್ರವನ್ನು ಮುಟ್ಟುತ್ತಿಲ್ಲವೆಂಬ ದೂರು ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. 2010ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ನಿವಾಸಿಗಳು ಒಬ್ಬರ ಹಿಂದೆ ಒಬ್ಬರಾಗಿ ಸತ್ತಾಗ ಊರು ಬೆಚ್ಚಿತು. ಅವರ ಪಾಲಿನ ಹಣವನ್ನು ವರ್ಷವರ್ಷವೂ ಕಟ್ಟುತ್ತಿದ್ದ ನಮ್ಮಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಆ ಕೇಂದ್ರದ ಬಾಗಿಲವರೆಗೆ ಹೋಗಿದ್ದೆವು?

ಅದೇ ರಸ್ತೆಯಲ್ಲಿ, ಅದೇ ಕೇಂದ್ರದ ನೆರೆಯಲ್ಲಿ, ಸುಮನಹಳ್ಳಿಯಿದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ಬರಿಯ ಒಂದು ನಿಲ್ದಾಣ, ಒಂದು ಮೇಲುಸೇತುವೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಚಿಕಿತ್ಸೆಗೂ ಪುನರ್ವಸತಿಗೂ ಎಂದು ಸರ್ಕಾರ ಕೊಟ್ಟ ನೆಲದಲ್ಲಿ ಕ್ರೈಸ್ತ ಸೇವಾಸಕ್ತರು ಕಟ್ಟಿದ ಸಂಸ್ಥೆಯ ಹೆಸರು ಅದು. ಮುಟ್ಟಲು ಜನ ಹೆದರುತ್ತಿದ್ದ ದೇಹಗಳನ್ನು ಅಲ್ಲಿ ಮನುಷ್ಯರು ಮುಟ್ಟಿ ತೊಳೆದು ಔಷಧಿ ಹಚ್ಚಿದರು. ಗುಣವಾದವರಿಗೆ ಕಸುಬು ಕಲಿಸಿದರು. ನೆರೆಹೊರೆಯ ಈ ಎರಡು ಸಂಸ್ಥೆಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುವುದು ಇದು: ಹಣಕ್ಕೆ ಕಾನೂನಿನ ಆಧಾರ ಬೇಕು, ಆ ಹಣದ ಜೊತೆಗೆ ಹೋಗಿ ನೋಡುವ ಕಣ್ಣೂ ದುಡಿಯುವ ಕೈಯೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಬಡವನಿಗೆ ತಲುಪುವುದು ಅರ್ಧ ಮಾತ್ರ.

ಇನ್ನು ಕಾರ್ಡ್ ರಸ್ತೆಯ ಗುಡ್ಡದ ಕಡೆಗೆ ಬರೋಣ. 1997ರಲ್ಲಿ ತೆರೆದ ಇಸ್ಕಾನ್ ದೇವಾಲಯದ ಆಶ್ರಯದಲ್ಲಿ 2000ದ ಜೂನ್ ತಿಂಗಳಲ್ಲಿ ‘ಅಕ್ಷಯ ಪಾತ್ರ’ ಆರಂಭವಾಯಿತು. ಮೊದಲು ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ; ಇಂದು ಹಲವು ರಾಜ್ಯಗಳಲ್ಲಿ 20 ಲಕ್ಷಕ್ಕೂ ಮೀರಿದ ಮಕ್ಕಳಿಗೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ಕರ್ನಾಟಕ ಸರ್ಕಾರದ ಯೋಜನೆ 2002ರಲ್ಲಿ ಬಡಗಣದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಸರ್ಕಾರದ ಧಾನ್ಯ ಮತ್ತು ಅನುದಾನ, ಮೇಲಿನ ವೆಚ್ಚಕ್ಕೆ ದಾನಿಗಳ ಹಣ, ಹೀಗೆ ಎರಡು ಕೈ ಸೇರಿ ಅಕ್ಷಯ ಪಾತ್ರದ ಒಲೆ ಉರಿಯುತ್ತಿದೆ. ಆ ದಾನಿಗಳಲ್ಲಿ ಕಂಪನಿಗಳೂ ಇವೆ.

ಇಲ್ಲಿಯೂ ಒಂದು ಸೂಕ್ಷ್ಮವಾದ ಪ್ರಶ್ನೆ ಎದ್ದಿತು. ಸಂಸ್ಥೆಯ ಆಚಾರದಂತೆ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಮಕ್ಕಳಿಗೆ ಆ ಊಟ ರುಚಿಸುತ್ತಿಲ್ಲ, ಮನೆಯ ಊಟದ ಸೊಗಡು ಅದರಲ್ಲಿಲ್ಲ ಎಂದು 2018 ಮತ್ತು 19ರಲ್ಲಿ ಆಹಾರದ ಹಕ್ಕಿಗಾಗಿ ಕೆಲಸ ಮಾಡುವವರು ಆಕ್ಷೇಪವೆತ್ತಿದರು. ಪೌಷ್ಟಿಕತೆಯ ಅಳತೆಗೆ ಊಟ ಸರಿಯಾಗಿದೆಯೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು. ಅಳತೆಯ ಪ್ರಶ್ನೆ ಅಲ್ಲಿಗೆ ಮುಗಿದಿರಬಹುದು. ರುಚಿಯ ಪ್ರಶ್ನೆ ಮುಗಿಯಲಿಲ್ಲ. ಹಿಂದಿನ ಛತ್ರಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಎಷ್ಟೋ ಕಡೆ ಯಾರು ಯಾವ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ದಾನಿಯ ಜಾತಿಮತಗಳು ಗೊತ್ತುಮಾಡುತ್ತಿದ್ದವು. ಕೊಡುವವನ ನಿಯಮ ದೊಡ್ಡದೋ, ಉಣ್ಣುವವನ ನಾಲಗೆ ದೊಡ್ಡದೋ ಎಂಬ ಈ ಚರ್ಚೆ ದಾನದಷ್ಟೇ ಹಳೆಯದು.

ಸರ್ಕಾರದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರು. ದಾಸೋಹವೆಂದ ಕೂಡಲೇ ಗುಡ್ಡದ ಆಚೆಗಿರುವ ಬಸವೇಶ್ವರನಗರ ನೆನಪಾಗದಿರದು. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಕಾಯಕದಿಂದ ಬೇರೆ ಮಾಡಲಿಲ್ಲ. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವವನ್ನೇ ಅವರು ಅಳಿಸಹೊರಟರು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡನ ಕಾಯಕ; ಅದರಿಂದಲೇ ಅವರ ದಾಸೋಹ. ಒಂದು ದಿನ ಅವನು ಅಳತೆ ಮೀರಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಮಿಗುತಾಯ ಎಲ್ಲಿಂದ ಬಂತು, ಅದು ನಮ್ಮದು ಹೇಗಾಯಿತು ಎಂಬ ವಿಚಾರಣೆ ದಾನಕ್ಕಿಂತ ಮೊದಲು ನಡೆಯಬೇಕೆಂಬುದು ಅವಳ ತಿಳಿವು.

ಈ ಹಿನ್ನೆಲೆಯಲ್ಲಿ 2013ರ ಕಂಪನಿ ಕಾನೂನಿನ 135ನೆಯ ಪ್ರಕರಣವನ್ನು ಓದಬೇಕು. 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಅದರಂತೆ, 500 ಕೋಟಿ ರೂಪಾಯಿಗಳ ನಿವ್ವಳ ಆಸ್ತಿಯಾಗಲಿ, 1,000 ಕೋಟಿಯ ವಹಿವಾಟಾಗಲಿ, 5 ಕೋಟಿಯ ನಿವ್ವಳ ಲಾಭವಾಗಲಿ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ತಾನು ನೆಲೆಸಿದ ಸ್ಥಳಕ್ಕೂ ಅದರ ಸುತ್ತಮುತ್ತಲಿಗೂ ಮೊದಲ ಮನ್ನಣೆ ಕೊಡಬೇಕು. ನೆರೆಯವನನ್ನು ಮರೆಯಬೇಡವೆಂಬ ಹಳೆಯ ಧರ್ಮವನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳಿದೆ ಎನ್ನಬೇಕು. ನೌಕರರ ಸೇವೆಯ ವಿಷಯದಲ್ಲಿಯೂ ಸರ್ಕಾರದ ವಿವರಣೆ ಸ್ಪಷ್ಟವಾಗಿದೆ. ನೌಕರರು ಹೋಗಿ ದುಡಿಯುವುದು ಮೆಚ್ಚತಕ್ಕದ್ದೇ. ಆದರೆ ಆ ದುಡಿಮೆಗೆ ಬೆಲೆ ಕಟ್ಟಿ ನೂರಕ್ಕೆ ಎರಡರ ಲೆಕ್ಕದಲ್ಲಿ ಸೇರಿಸುವಂತಿಲ್ಲ.

ಈ ನಿಯಮ ಮೇಲುನೋಟಕ್ಕೆ ಜಿಪುಣತನವಾಗಿ ಕಂಡೀತು. ನನಗೆ ಅದು ವಿವೇಕವಾಗಿ ಕಾಣುತ್ತದೆ. ಬೆಲೆ ಕಟ್ಟಲಾಗದ ಒಂದಾದರೂ ಅಂಶ ದಾನದಲ್ಲಿ ಉಳಿದಿರಲಿ. ಕಾಮಾಕ್ಷಿಪಾಳ್ಯದ ಕಡೆಯ ಸಣ್ಣ ಕಾರ್ಖಾನೆಗಳು ಈ ಕಾನೂನಿನ ಅಳತೆಗೆ ನಿಲುಕುವಂಥವಲ್ಲ. ಆದರೂ ಅಂಥ ಕಾರ್ಖಾನೆಯವನು ಜೂನ್ ತಿಂಗಳಲ್ಲಿ ಶಾಲೆಗೆ ನೋಟ್‌ಬುಕ್ಕು ಹಂಚಿದರೆ, ಅವನಿಗೆ ಆ ಶಾಲೆಯ ಗೋಡೆಯ ಬಿರುಕೂ ಗೊತ್ತು, ಮಕ್ಕಳ ತಂದೆಯರ ಹೆಸರೂ ಗೊತ್ತು. ದೊಡ್ಡ ಕಂಪನಿಗೆ ಹಣವಿದೆ, ಈ ಪರಿಚಯವಿಲ್ಲ. ಒಂದು ಶನಿವಾರ ಬಂದು ಬಣ್ಣ ಬಳಿದು ಹೋದರೆ ಪರಿಚಯವಾಗದು. ಅದೇ ಶಾಲೆಗೆ ಐದು ವರ್ಷ ಬಿಡದೆ ಬಂದರೆ, ಏನು ಬೇಕೆಂದು ಮೇಷ್ಟರನ್ನೂ ಮಕ್ಕಳನ್ನೂ ಕೇಳಿದರೆ, ಆದೀತು.

ಶಾಸನ ಬರೆಸಿದವರು ಮೇರೆಗಳನ್ನು ಅಷ್ಟು ಬಿಡಿಸಿ ಹೇಳುತ್ತಿದ್ದುದು ಕೊಟ್ಟ ನೆಲವನ್ನು ಕಂಡವರು ಊರಿನಲ್ಲಿದ್ದರೆಂಬುದರಿಂದ. ಇಂದಿನ ವಾರ್ಷಿಕ ವರದಿಯಲ್ಲಿ ಮೊಬಲಗು ಇರುತ್ತದೆ, ಚಿತ್ರವೂ ಇರುತ್ತದೆ; ಮುಂದಿನ ವರ್ಷ ಹಣ ಬೇರೆ ಊರಿಗೆ ಹೋದರೆ ಈ ಶಾಲೆಯ ಗತಿಯೇನೆಂಬ ಮಾತು ಇರುವುದು ಅಪರೂಪ. ತೋಟದಪ್ಪನವರು ಆ ಮಾತನ್ನು ಮೊದಲೇ ಯೋಚಿಸಿ ಬರೆದಿಟ್ಟು ಹೋದರು. ಅವರ ಛತ್ರದಲ್ಲಿ ಇಂದಿಗೂ ಪರಸ್ಥಳದವರು ಬಂದು ಗಂಟು ಇಳಿಸುತ್ತಾರೆ.