ಹಳೆಯ ಮೋಟಾರಿನ ನೀರಡಿಕೆ

ಮೋಟಾರು ಕಾರಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ವೇಗವನ್ನು ಹೇಳುತ್ತಾರೆ, ಬೆಲೆಯನ್ನು ಹೇಳುತ್ತಾರೆ, ಅದರಲ್ಲಿ ಕುಳಿತು ಮೆರೆದ ರಾಜಮಹಾರಾಜರ ಹೆಸರುಗಳನ್ನು ಹೇಳುತ್ತಾರೆ. ಅದು ಕುಡಿದ ನೀರಿನ ಕಥೆಯನ್ನು ಹೇಳುವವರು ವಿರಳ. ಆದರೆ ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಹಳೆಯ ಕಾರೊಂದರ ಬಾನೆಟ್ಟನ್ನು ಎತ್ತಿ, ಇಂಜಿನನ್ನು ಬಿಚ್ಚಿ ನೋಡಿದರೆ, ಅದನ್ನು ಕೊಂದದ್ದು ವಯಸ್ಸೂ ಅಲ್ಲ, ಓಟವೂ ಅಲ್ಲ, ಒಳಗೆ ನಿಂತ ನೀರು ಎಂಬುದು ಅನೇಕ ವೇಳೆ ಗೊತ್ತಾಗುತ್ತದೆ. ಹಾಸನ ಜಿಲ್ಲೆಯಂಥ ಸೀಮೆಯಲ್ಲಿ ಹಳೆಯ ಕಾರುಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲು ಈ ನೀರಿನ ಚರಿತ್ರೆಯನ್ನು ತಿಳಿಯುವುದು ಮೇಲು.

ಈ ಕಥೆ ಕಾರಿನಷ್ಟೇ ಹಳೆಯದು. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹಳೆಯ ಇಂಜಿನುಗಳು ಕಾಲುಪಾಲನ್ನು ಚಲನೆಯಾಗಿ ಮಾಡಿದರೆ ಅದೇ ಹೆಚ್ಚು. ಉಳಿದುದರಲ್ಲಿ ಒಂದಷ್ಟು ಹೊಗೆಯೊಡನೆ ಹೊರಟುಹೋಗುತ್ತದೆ. ಮತ್ತೊಂದಷ್ಟನ್ನು ನೀರು ಹೊತ್ತು ಹೊರಕ್ಕೆ ಸಾಗಿಸದಿದ್ದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಯಂತ್ರವೇ ನಿಲ್ಲುತ್ತದೆ. ಜರ್ಮನಿಯ ಕಾರ್ಲ್ ಬೆನ್ಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪು ಮಾಡುವ ಕ್ರಮವಾಗಿತ್ತು. 1888ರಲ್ಲಿ ಆತನ ಪತ್ನಿ ಬೆರ್ತಾ ಇಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರು ಪ್ರಯಾಣ ಮಾಡಿದಾಗ, ದಾರಿಯುದ್ದಕ್ಕೂ ಸಿಕ್ಕಿದ ಕಡೆಯಲ್ಲೆಲ್ಲ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಜಗತ್ತಿನ ಮೊದಲ ದೂರಪ್ರಯಾಣದ ಕಾರು ಪೆಟ್ರೋಲಿಗಿಂತ ಹೆಚ್ಚಾಗಿ ನೀರಿಗೆ ಬಾಯಾರಿತ್ತು!

ಈ ಬಾಯಾರಿಕೆಯನ್ನು ತಣಿಸಿದವನು ವಿಲ್ಹೆಲ್ಮ್ ಮೇಬಾಕ್. 1900ರ ಕೊನೆಯಲ್ಲಿ ಸಿದ್ಧವಾದ ಮರ್ಸಿಡಿಸ್ ಕಾರಿಗೆ ಅವನು 8,070 ಸಣ್ಣ ಕೊಳವೆಗಳನ್ನು ಒಟ್ಟಿಗೆ ಬೆಸೆದು ಜೇನುಹುಟ್ಟಿನಂಥ ರೇಡಿಯೇಟರನ್ನು ಮಾಡಿದ. ಇಂಥ ರೇಡಿಯೇಟರಿನಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಫೋರ್ಡ್ ಕಂಪನಿಯ ಮಾಡೆಲ್ ಟಿ, ಇಂಗ್ಲೆಂಡಿನ ಆಸ್ಟಿನ್ ಸೆವೆನ್, ಮಾರಿಸ್ ಎಯ್ಟ್ ಮುಂತಾದ ಕಾರುಗಳಲ್ಲಿ ನೀರನ್ನು ತಳ್ಳುವ ಪಂಪು ಕೂಡ ಇರಲಿಲ್ಲ. ಬಚ್ಚಲ ಹಂಡೆಗೆ ಉರಿ ಹಾಕಿದವರಿಗೆಲ್ಲ ಇದರ ಗುಟ್ಟು ಗೊತ್ತು: ಕಾದ ನೀರು ಹಗುರಾಗಿ ಮೇಲಕ್ಕೇರುತ್ತದೆ, ತಣ್ಣೀರು ಕೆಳಕ್ಕಿಳಿಯುತ್ತದೆ. ಇಂಜಿನಿನಿಂದ ಮೇಲೆದ್ದ ನೀರು ರೇಡಿಯೇಟರಿನ ತಲೆಗೆ ಸೇರಿ, ಗಾಳಿಗೆ ಆರಿ, ಕೆಳಗಿನಿಂದ ಮರಳಿ ಇಂಜಿನನ್ನು ಸೇರುತ್ತದೆ. ಆದರೆ ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿಯಿತೋ, ಈ ಸುತ್ತಾಟ ಅಲ್ಲಿಗೇ ನಿಂತಿತು, ಕುದಿತ ಶುರುವಾಯಿತು.

ರಸ್ತೆಯನ್ನೇ ನಂಬಿದ ಊರುಗಳು

ಇಂಥ ಯಂತ್ರಗಳು ನಮ್ಮ ಸೀಮೆಗೆ ಬಂದಾಗ ಅವುಗಳಿಗೆ ಕೆಲಸ ಕಾದಿತ್ತು. ಮೈಸೂರು–ಅರಸೀಕೆರೆ ರೈಲುದಾರಿ ಹೊಳೆನರಸೀಪುರವನ್ನೂ ಹಾಸನವನ್ನೂ ಮುಟ್ಟಿತು. ಚನ್ನರಾಯಪಟ್ಟಣ, ಅರಕಲಗೂಡುಗಳನ್ನು ಮುಟ್ಟಲಿಲ್ಲ. ಬೆಂಗಳೂರು–ಹಾಸನಗಳ ನಡುವಣ ನೇರ ರೈಲುಮಾರ್ಗ 2017ರಲ್ಲಿ ಪೂರ್ತಿಯಾಗುವವರೆಗೆ ಚನ್ನರಾಯಪಟ್ಟಣದವರು ಬೆಂಗಳೂರಿಗೆ ಹೋಗಲು ರಸ್ತೆಯನ್ನೇ ನಂಬಿದ್ದರು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಶ್ರವಣಬೆಳಗೊಳದಲ್ಲಿ 1925ರಲ್ಲಿ, 1940ರಲ್ಲಿ, 1953ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗಲೂ ಅಷ್ಟೇ. ರೈಲಿನಲ್ಲಿ ಬಂದವರೂ ದೂರದ ನಿಲ್ದಾಣದಲ್ಲಿಳಿದು ಉಳಿದ ಹಾದಿಯನ್ನು ರಸ್ತೆಯ ಮೇಲೆಯೇ ಸವೆಸಬೇಕಿತ್ತು. ಬೇಲೂರು, ಹಳೇಬೀಡು ನೋಡಬಂದವರಿಗೂ, ಸಕಲೇಶಪುರದ ಕಾಫಿ ತೋಟದವರಿಗೂ ಹಾಸನವೇ ನಡುಮನೆ. ಹೀಗೆ ಮೋಟಾರು ಇಲ್ಲಿ ಬರಿಯ ಶೋಕಿಯಾಗಿರಲಿಲ್ಲ. ಊರಿಗೂ ಊರಿಗೂ ನಡುವಣ ಸೇತುವೆಯಾಗಿತ್ತು.

ಆ ಸೇತುವೆಗೆ ನೀರಿನದೇ ಕಾಟ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡದ ಮುಚ್ಚಳವಿಲ್ಲದ ಹಳೆಯ ಕಾರಿಗೆ ಈ ಮೂರು ಡಿಗ್ರಿಯೂ ಲೆಕ್ಕವೇ. ಶಿರಾಡಿ ಘಟ್ಟವನ್ನು ಕೆಳಗಿನ ಗೇರಿನಲ್ಲಿ ಏರುವಾಗ ಇಂಜಿನು ಹೆಚ್ಚು ದುಡಿಯುತ್ತದೆ, ಗಾಡಿ ಮಾತ್ರ ನಿಧಾನವಾಗಿ ಹೋಗುವುದರಿಂದ ರೇಡಿಯೇಟರಿಗೆ ಗಾಳಿ ಸಾಲದು. ಬಾನೆಟ್ಟಿನಿಂದ ಹಬೆ ಎದ್ದರೆ ಡ್ರೈವರು ಗಾಡಿಯನ್ನು ಬದಿಗೆ ನಿಲ್ಲಿಸಿ, ತಗಡಿನ ಡಬ್ಬ ಹಿಡಿದು ತೊರೆಗಿಳಿಯುತ್ತಿದ್ದ. ಅನುಭವಿಯಾದವನು ಇಂಜಿನು ಆರುವ ತನಕ ಬೀಡಿ ಹಚ್ಚಿ ಕುಳಿತಿರುತ್ತಿದ್ದ. ಆತುರಗಾರ ಕೆಂಡದಂತೆ ಕಾದ ಇಂಜಿನಿಗೆ ತಣ್ಣೀರು ಸುರಿದು ಬೀಡುಕಬ್ಬಿಣದ ಮೈಯನ್ನು ಸೀಳಿಸುತ್ತಿದ್ದ.

ಇನ್ನು, ಯಾವ ನೀರು? ಬಯಲುಸೀಮೆಯ ಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಅಂಥ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ನಮ್ಮ ಅಡುಗೆಮನೆಯ ಹೆಂಗಸರು ಬಲ್ಲರು. ಹಂಡೆಯ ಒಳಮೈಗೆ ಸುಣ್ಣದಂಥ ಬಿಳಿಯ ಕರಣೆ ಕಟ್ಟುವುದನ್ನೂ ಬಲ್ಲರು. ಅದೇ ಕರಣೆ ಇಂಜಿನಿನ ಒಳಗೂ ರೇಡಿಯೇಟರಿನ ಕೊಳವೆಯಲ್ಲೂ ಕಟ್ಟಿದರೆ, ಶಾಖ ದಾಟಲಾರದೆ ಒಳಗೇ ಉಳಿಯುತ್ತದೆ. ಸಾಲದ್ದಕ್ಕೆ ತುಕ್ಕಿನ ಕೆಸರು. ಅದನ್ನು ತಡೆಯಲು ಕೆಲವರು ಲೇತ್ ಯಂತ್ರಕ್ಕೆ ಬಳಸುವ, ನೀರಿನಲ್ಲಿ ಬೆರೆಯುವ ಎಣ್ಣೆಯನ್ನು ಸ್ವಲ್ಪ ಸೇರಿಸುತ್ತಿದ್ದರು. ಅದು ಬುದ್ಧಿವಂತಿಕೆಯ ಕೆಲಸ. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದೂ ರೂಢಿಯಲ್ಲಿತ್ತು. ಅದು ಊರು ಸೇರಿಸುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಸೋರುವ ತೂತನ್ನು ಮುಚ್ಚಿದ ಅರಿಶಿನ ಸೋರದ ಕೊಳವೆಯನ್ನೂ ಮುಚ್ಚೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕಡಿವಾಣ ಬಿದ್ದು, ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಿಂದ ಓಡಿದವು. ದಿಣ್ಣೆ ಬಂದರೆ ಪ್ರಯಾಣಿಕರೇ ಇಳಿದು ತಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಹುಟ್ಟಿತು. ಇತ್ತ 1953ರ ಸುಂಕ ಆಯೋಗದ ವರದಿಯ ತರುವಾಯ, ಹೊರಗಿನ ಬಿಡಿಭಾಗಗಳನ್ನು ತಂದು ಇಲ್ಲಿ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ದೇಶದಿಂದ ಕಾಲ್ತೆಗೆದವು. ಅಮೆರಿಕದ ಕಾರುಗಳಿಗೆ ಬಿಡಿಭಾಗ ಸಿಗದಾಯಿತು. ಆಗ ಅವುಗಳನ್ನು ಬದುಕಿಸಿದವರು ಊರೂರಿನ ಗ್ಯಾರೇಜಿನ ಮೇಸ್ತ್ರಿಗಳು. ಇದ್ದುದನ್ನು ತಿದ್ದಿದರು, ಇಲ್ಲದ್ದನ್ನು ಮಾಡಿದರು, ಒಂದರ ಅಂಗವನ್ನು ಇನ್ನೊಂದಕ್ಕೆ ಕಸಿ ಕಟ್ಟಿದರು. ಪೆಟ್ರೋಲಿನ ದೊಡ್ಡ ಇಂಜಿನನ್ನು ಇಳಿಸಿ ಡೀಸೆಲ್ ಇಂಜಿನನ್ನು ಕೂರಿಸಿದ್ದೂ ಉಂಟು.

ಮೂಲಪಾಠ ಯಾವುದು?

ಕನ್ನಡ ಪಾಠ ಹೇಳುವ ನನಗೆ ಹಳೆಯ ಕಾರಿನ ಪುನರುದ್ಧಾರ ಗ್ರಂಥಸಂಪಾದನೆಯಂತೆಯೇ ಕಾಣುತ್ತದೆ. ಓಲೆಗರಿ ಕೈಗೆ ಬಂದಾಗ ಸಂಪಾದಕನ ಮುಂದೆ ಮೂರು ಪ್ರಶ್ನೆಗಳಿರುತ್ತವೆ: ಕವಿ ಬರೆದದ್ದು ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು, ಹುಳು ತಿಂದದ್ದು ಯಾವುದು? ಕಾರಿನ ಮುಂದೆ ನಿಂತವನಿಗೂ ಇವೇ ಪ್ರಶ್ನೆಗಳು. ಕಾರ್ಖಾನೆಯಿಂದ ಬಂದದ್ದು ಯಾವುದು, ಮೇಸ್ತ್ರಿ ಸೇರಿಸಿದ್ದು ಯಾವುದು, ತುಕ್ಕು ತಿಂದದ್ದು ಯಾವುದು? ತುಕ್ಕನ್ನು ತೆಗೆಯುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಮೇಸ್ತ್ರಿಯ ಪಾಠಾಂತರವನ್ನು ಕಿತ್ತೆಸೆಯಬೇಕೆ?

ಸರ್ಕಾರವೂ ಈಗ ಈ ಚರ್ಚೆಯಲ್ಲಿ ಸೇರಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದು ಚಾಸಿ, ಮೈಕಟ್ಟು, ಇಂಜಿನುಗಳಲ್ಲಿ ಹೆಚ್ಚಿನ ಬದಲಾವಣೆಯಾಗದ ಕಾರುಗಳು ‘ವಿಂಟೇಜ್’ ಎನಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದು 10 ವರ್ಷ ನಡೆಯುತ್ತದೆ. ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ ಇವನ್ನು ಓಡಿಸಬಹುದು, ನಿತ್ಯದ ಓಡಾಟಕ್ಕಲ್ಲ. ಒಳ್ಳೆಯ ಕ್ರಮವೇ. ಆದರೆ ಡೀಸೆಲ್ ಇಂಜಿನಿನಿಂದ ಬದುಕಿ ಉಳಿದ ಕಾರು ಈ ತಕ್ಕಡಿಯಲ್ಲಿ ಸೋಲುತ್ತದೆ. ಬಿಡಿಭಾಗ ಸಿಗದ ಕಾಲದಲ್ಲಿ ನಮ್ಮ ಜನ ಹೇಗೆ ಬಾಳಿದರು ಎಂಬುದಕ್ಕೆ ಆ ಕಾರೇ ಸಾಕ್ಷಿ! ಆದ್ದರಿಂದ ಒಂದು ಮಧ್ಯಮಾರ್ಗ ಲೇಸು: ಬದಲಾಯಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಲು ಸಾಧ್ಯವಿರಬೇಕು, ಕಿತ್ತ ಭಾಗವನ್ನು ಗುಜರಿಗೆ ಹಾಕದೆ ಕಾರಿನೊಡನೆಯೇ ಇಟ್ಟಿರಬೇಕು. 1902ರಲ್ಲಿ ರೈಸ್ ಸಾಹೇಬರು ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟ ನಮಗಿಂದು ದೊಡ್ಡ ನಿಧಿ. ಅವರು ಸವೆದ ಕಲ್ಲಿನ ಅಕ್ಷರಗಳನ್ನು ಚಾಣದಿಂದ ಹೊಸದಾಗಿ ಕೆತ್ತಿಸಿದ್ದರೆ ಆ ನಿಧಿ ಉಳಿಯುತ್ತಿತ್ತೆ?

ಬಣ್ಣ ತಪ್ಪಾದರೆ ಮತ್ತೆ ಬಳಿಯಬಹುದು; ಸೀಟಿನ ಹೊದಿಕೆ ತಪ್ಪಾದರೆ ಮತ್ತೆ ಹೊಲಿಸಬಹುದು. ಆದರೆ ರೇಡಿಯೇಟರಿಗೆ ತಪ್ಪು ದ್ರವ ತುಂಬಿಸಿದರೆ ಅದು ಕಣ್ಣಿಗೆ ಕಾಣದಂತೆ ಒಳಗಿನ ಲೋಹವನ್ನೇ ತಿಂದುಹಾಕುತ್ತದೆ. ಎಲ್ಲಕ್ಕಿಂತ ಸಣ್ಣದಾಗಿ ಕಾಣುವ ಈ ತೀರ್ಮಾನವೇ ಹಿಂತೆಗೆಯಲಾಗದ ತೀರ್ಮಾನ.

ಯಾವ ದ್ರವ, ಎಷ್ಟು?

ಅಂಗಡಿಯಲ್ಲಿ ‘ಕೂಲಂಟ್’ ಎಂದು ಮಾರುವ ಬಣ್ಣದ ದ್ರವ ಹಿಮದ ದೇಶಗಳ ಕೊಡುಗೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗಿ ಇಂಜಿನನ್ನೇ ಒಡೆಯುತ್ತದೆ. ಅದನ್ನು ತಪ್ಪಿಸಲು ಅಲ್ಲಿನವರು ಮೊದಮೊದಲು ಮದ್ಯಸಾರವನ್ನು ಬೆರೆಸುತ್ತಿದ್ದರು. 19ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ ಕಂಡುಹಿಡಿದಿದ್ದ ಎಥಿಲೀನ್ ಗ್ಲೈಕಾಲ್, 1927ರಲ್ಲಿ ‘ಪ್ರೆಸ್ಟೋನ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಹಾಸನದ ಚಳಿ ಎಷ್ಟೇ ಕೊರೆದರೂ ರೇಡಿಯೇಟರಿನ ನೀರು ಹೆಪ್ಪುಗಟ್ಟದು. ಹಾಗಾದರೆ ನಮಗೇಕೆ ಇದು? ಗ್ಲೈಕಾಲಿಗಲ್ಲ, ಅದರೊಡನೆ ಬೆರೆಸಿರುವ ತುಕ್ಕುನಿರೋಧಕಕ್ಕೆ. ಕಬ್ಬಿಣ, ಹಿತ್ತಾಳೆ, ಸೀಸದ ಬೆಸುಗೆ, ಅಲ್ಯೂಮಿನಿಯಂ ಇವೆಲ್ಲ ಒಂದೇ ನೀರಿನಲ್ಲಿ ನಿಂತರೆ ಬ್ಯಾಟರಿಯ ತಟ್ಟೆಗಳಂತೆ ಒಂದನ್ನೊಂದು ಸವೆಸುತ್ತವೆ. ಈ ಸವೆತವನ್ನು ತಡೆಯುವುದೇ ನಿರೋಧಕದ ಕೆಲಸ.

ನಿರೋಧಕದಲ್ಲಿ ಮುಖ್ಯವಾಗಿ ಎರಡು ಕುಲ. ಹಳೆಯದು ಸಿಲಿಕೇಟ್, ಫಾಸ್ಫೇಟ್ ಮೊದಲಾದ ಖನಿಜ ಲವಣಗಳದು. ಅದು ಪಾತ್ರೆಗೆ ಕಲಾಯಿ ಹಾಕಿದಂತೆ ಎಲ್ಲ ಲೋಹಗಳ ಮೈಯನ್ನೂ ತೆಳುವಾಗಿ ಮುಚ್ಚುತ್ತದೆ. ಎರಡು ವರ್ಷಕ್ಕೆ ಸವೆದುಹೋಗುತ್ತದೆ. 1990ರ ದಶಕದ ನಡುವಿನಲ್ಲಿ ಬಂದ ಹೊಸದು ಸಾವಯವ ಆಮ್ಲಗಳದು. ಐದು ವರ್ಷ ಬಾಳುತ್ತದೆ, ಹೊಸ ಕಾಲದ ಅಲ್ಯೂಮಿನಿಯಂ ಇಂಜಿನಿಗೆ ಹೇಳಿಮಾಡಿಸಿದಂತಿದೆ. ಆದರೆ ಹಳೆಯ ಕಾರಿನಲ್ಲಿ ಅದು ಸೀಸದ ಬೆಸುಗೆಗೆ ಒಗ್ಗದು. ಹಳೆಯ ಗ್ಯಾಸ್ಕೆಟ್ಟುಗಳ ಸಂದಿನಿಂದ ಜಿನುಗುವುದೂ ಉಂಟು. ಬ್ರಿಟನ್ನಿನ ಹಳೆಯ ವಾಹನಗಳ ಸಂಘದವರು ಇದನ್ನು ಕಂಡು ತಮ್ಮ ಸದಸ್ಯರನ್ನು ಎಚ್ಚರಿಸಿದ್ದಾರೆ. ‘ಹೊಸದು, ದುಬಾರಿಯದು, ಆದ್ದರಿಂದ ಒಳ್ಳೆಯದು’ ಎಂಬ ತರ್ಕ ಇಲ್ಲಿ ನಡೆಯದು. ಬಣ್ಣ ನೋಡಿ ಕೊಳ್ಳುವುದೂ ಸಲ್ಲದು. ಹಸಿರು, ನೀಲಿ, ಕೆಂಪುಗಳನ್ನು ತಯಾರಕರು ತಮ್ಮ ಮನಸ್ಸಿಗೆ ಬಂದಂತೆ ಹಾಕುತ್ತಾರೆ. ಡಬ್ಬದ ಮೇಲಿನ ಬರಹವನ್ನು ಓದಬೇಕು.

ಕಾರಿನ ಮೈಯನ್ನೂ ಓದಬೇಕು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಹಳೆಯ ಪೆಟ್ರೋಲ್ ಇಂಜಿನು ಬೀಡುಕಬ್ಬಿಣದ್ದು, ರೇಡಿಯೇಟರು ತಾಮ್ರ–ಹಿತ್ತಾಳೆಯದು. ಫಿಯಟ್ 1100 ಹಾಗೂ ಅದರ ಮುಂದುವರಿಕೆಯಾದ ಪ್ರೀಮಿಯರ್ ಪದ್ಮಿನಿಗಳ ಇಂಜಿನು ಕಬ್ಬಿಣದ್ದಾದರೂ ತಲೆ ಅಲ್ಯೂಮಿನಿಯಮ್ಮಿನದು. ಕಬ್ಬಿಣದ ಇಂಜಿನಿನ ಒಳಗನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಿಂದ ತೊಳೆಯಬಹುದು. ಅಲ್ಯೂಮಿನಿಯಂ ಇರುವ ಕಡೆ ಸೋಡಾ ಕೂಡದು, ಅದು ಆ ಲೋಹವನ್ನು ಕರಗಿಸುತ್ತದೆ. ಇಂಜಿನಿನ ಪಕ್ಕದ ನಲ್ಲಿಯನ್ನು ತಿರುಗಿಸಿದರೂ ನೀರು ಬಾರದಿದ್ದರೆ ಒಳಗೆ ಕೆಸರು ಕಟ್ಟಿದೆಯೆಂದೇ ತಿಳಿಯಬೇಕು. ತಂತಿಯಿಂದ ಕೆದಕಿ, ನೀರನ್ನು ಹಿಂದುಮುಂದಾಗಿ ಹಾಯಿಸಿ, ತಿಳಿನೀರು ಬರುವ ತನಕ ತೊಳೆಯಬೇಕು. ಆಮೇಲೆ ಮೂರು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಹಳೆಯ ಕುಲದ ದ್ರವವನ್ನು, ಡಬ್ಬದ ಮೇಲೆ ಹೇಳಿರುವ ಕನಿಷ್ಠ ಪ್ರಮಾಣಕ್ಕೆ ಇಳಿಯದಂತೆ ಬೆರೆಸಿದರೆ ನಮ್ಮ ಹವೆಗೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ತಂಪೆಂಬುದು ಭ್ರಮೆ. ಶಾಖ ಹೊರುವುದರಲ್ಲಿ ಗ್ಲೈಕಾಲಿಗಿಂತ ನೀರೇ ಸಮರ್ಥ. ಎರಡು ಕುಲಗಳನ್ನು ಎಂದೂ ಬೆರೆಸಬಾರದು. ಒತ್ತಡವಿಲ್ಲದ ರೇಡಿಯೇಟರಿಗೆ ಹೊಸ ಕಾಲದ ಬಿಗಿ ಮುಚ್ಚಳವನ್ನು ಹಾಕಬಾರದು, ಬೆಸುಗೆ ಬಿಟ್ಟೀತು. ಗ್ಲೈಕಾಲು ಸಿಹಿಯಾದ ವಿಷ. ಬಸಿದದ್ದನ್ನು ಮಕ್ಕಳಿಗೆ, ನಾಯಿಗೆ, ದನಕರುಗಳಿಗೆ ಎಟುಕುವಂತೆ ಬಿಡಬಾರದು.

ಹಳೆಯ ಕಾರುಗಳನ್ನು ಚೆನ್ನಾಗಿ ಉಳಿಸಿದ್ದನ್ನು ನೋಡಬೇಕೆನ್ನುವವರಿಗೆ ಘಟ್ಟದ ಕೆಳಗೆ ಧರ್ಮಸ್ಥಳದ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಹೆಗ್ಗಡೆಯವರ ಸಂಗ್ರಹದಿಂದಲೇ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ ಎಂಬ ಮತ್ತೊಂದು ಸಂಗ್ರಹಾಲಯ ತೆರೆಯಿತು. ಆದರೆ ಎಲ್ಲ ಕಾರುಗಳೂ ಅಲ್ಲಿಗೆ ಸೇರಲಾರವು. 1970ರ ಸುಮಾರಿನ ಅಂಬಾಸಿಡರು, ಫಿಯಟ್ಟುಗಳೂ ಈಗ 50ರ ಗೆರೆಯನ್ನು ದಾಟುತ್ತಿವೆ. ವೈದ್ಯರನ್ನು ಹಳ್ಳಿಗೆ ಕೊಂಡೊಯ್ದ, ಮದುಮಕ್ಕಳನ್ನು ಛತ್ರಕ್ಕೆ ತಂದ, ಹಾಸನದ ನಿಲ್ದಾಣದಲ್ಲಿ ಬಾಡಿಗೆಗೆ ಕಾದ ಈ ಸಾಧಾರಣ ಕಾರುಗಳನ್ನು ಯಾವ ಅರಮನೆಯೂ ಕಾಪಾಡುವುದಿಲ್ಲ, ಮನೆಯವರೇ ಕಾಪಾಡಬೇಕು. ಅದಕ್ಕಿಂತ ಬೇಗ ಕಣ್ಮರೆಯಾಗುತ್ತಿರುವವನು ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆ ಕೊಳವೆಗೂ ಸಲಾಕೆ ಹಾಯಿಸಿ, ಸೀಸದ ಬೆಸುಗೆ ಹಾಕಬಲ್ಲ ಕೆಲಸಗಾರ. ಪ್ಲಾಸ್ಟಿಕ್ಕು–ಅಲ್ಯೂಮಿನಿಯಂ ರೇಡಿಯೇಟರುಗಳ ಕಾಲದಲ್ಲಿ ಅವನಿಗೆ ಕೆಲಸ ಕಡಮೆ. ಅವನಿರುವಾಗಲೇ ಅವನ ಕೈಯ ವಿದ್ಯೆಯನ್ನು ಯಾರಾದರೂ ಕಲಿಯದಿದ್ದರೆ, ಸರಿಯಾದ ದ್ರವವನ್ನು ತುಂಬಲು ಸರಿಯಾದ ಪಾತ್ರೆಯೇ ಉಳಿಯದು.

ಹಿಂದಿನ ಲಿಪಿಕಾರರು ಓಲೆಯ ಪ್ರತಿ ಮುಗಿದಾಗ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತಮ್ಮ ಹೆಸರನ್ನೂ ಬರೆದಿಡುತ್ತಿದ್ದರು. ಹಳೆಯ ಕಾರಿನ ಒಡೆಯರೂ ಹಾಗೆಯೇ ಒಂದು ಚೀಟಿಯನ್ನು ರೇಡಿಯೇಟರಿನ ಕೊರಳಿಗೆ ಕಟ್ಟಬೇಕು: ಯಾವ ದಿನ, ಯಾವ ದ್ರವ, ಎಷ್ಟು ಪಾಲು, ಯಾರ ಕೈಯಿಂದ. ಮುಂದೆ ಆ ಬಾನೆಟ್ಟನ್ನು ಎತ್ತುವ ಮೊಮ್ಮಗನಿಗೆ ಆ ಚೀಟಿ ನೂರು ಮಾತಿಗಿಂತ ಹೆಚ್ಚು ಉಪಕಾರ ಮಾಡೀತು.